ಹಗ್ಗ ಕಾಣದ ಕಾರು

ಹುಸೇನಸಾಬ ಮಿಸ್ತ್ರಿಯವರ ಕೈಗಳಿಗೆ ಮೊಣಕೈವರೆಗೂ ಕರಿ ಆಯಿಲ್ ಮೆತ್ತಿರುತ್ತಿತ್ತು. ತಲೆಯ ಮೇಲಿನ ರುಮಾಲು ಮಾತ್ರ ಹಾಲಿನಷ್ಟು ಬಿಳುಪು. ಮಸ್ಕಿಯಲ್ಲಿ ಲಿಂಗಸುಗೂರು ರಸ್ತೆಗೆ ಹತ್ತಿದಂತಿದ್ದ ಅವರ ಗ್ಯಾರೇಜಿಗೆ ಎಷ್ಟು ಸಲ ಹೋಗಿದ್ದೇನೋ, ಆ ರುಮಾಲಿಗೆ ಒಂದು ಕಲೆ ಹತ್ತಿದ್ದನ್ನು ಕಂಡಿರಲಿಲ್ಲ. ಗಾಡಿಯ ಕೆಳಗೆ ನುಸುಳುವ ಮುಂಚೆ ಅದನ್ನು ಬಿಚ್ಚಿ ಗೂಟಕ್ಕೆ ಹಾಕುವರು. ಹೊರಗೆ ಬಂದು ಸೋಪು ಹಚ್ಚಿ ಕೈ ತೊಳೆದು, ಮತ್ತೆ ಸುತ್ತಿಕೊಂಡ ಮೇಲೆಯೇ ಗಿರಾಕಿಯ ಜೊತೆ ಮಾತು. "ತಲಿ ಮ್ಯಾಲಿನ ಅರಿವಿ ಅಂದ್ರ ನಮ್ಮಪ್ಪನ ಇಜ್ಜತ್ತವ್ವಾ," ಎನ್ನುತ್ತಿದ್ದರು.

ಅವರ ನಂಟು ನಮಗೆ ಬೆಳೆದದ್ದು ಡಾರ್ಟ್ ಎಂಬ ನಮ್ಮ ಅಮೇರಿಕದ ಕಾರಿನಿಂದ. ಅಪ್ಪ ಅದನ್ನು ಹೈದರಾಬಾದಿನಲ್ಲಿ ಯಾರದೋ ಹಳೆಯ ಬಂಗಲೆಯಿಂದ ಕೊಂಡು ಸಿಂಧನೂರಿಗೆ ತಂದಿದ್ದರು. ಆಕಾಶದ ಬಣ್ಣ, ಎಡಕ್ಕೆ ಸ್ಟಿಯರಿಂಗು. ಅಮೇರಿಕದವರ ಲೆಕ್ಕದಲ್ಲಿ ಅದು ಸಣ್ಣ ಕಾರಂತೆ! ನಮ್ಮ ಓಣಿಗೆ ಹೊಕ್ಕಿತೆಂದರೆ ಎದುರಿನ ಎತ್ತಿನ ಬಂಡಿ ಹಿಂದಕ್ಕೆ ಸರಿಯಬೇಕು. ಸುತ್ತಲ ಮೂರು ತಾಲೂಕಿನಲ್ಲಿ ಅಂಥದ್ದು ಇನ್ನೊಂದಿರಲಿಲ್ಲ. ನನಗೆ ಹೆಮ್ಮೆ ಅಂದರೆ ಹೆಮ್ಮೆಯೇ, ಅದರಲ್ಲೇನು ಮುಚ್ಚುಮರೆ.

ಮಿಸ್ತ್ರಿ ಮೊದಲ ಸಲ ಬಾನೆಟ್ ಎತ್ತಿದಾಗ ಇಂಜಿನ್ ಒಂದು ಮಗ್ಗುಲಿಗೆ ವಾಲಿತ್ತು. ಅದು ಕೂತ ರಬ್ಬರ್ ಹರಿದಿದೆ ಎಂದುಕೊಂಡು ಜಾಕ್ ಕೊಟ್ಟು, ಕಟ್ಟಿಗೆಯ ತುಂಡು ಇಟ್ಟು, ಅರ್ಧ ದಿನ ಅದನ್ನು ನೆಟ್ಟಗೆ ಮಾಡಲು ಹೆಣಗಿದರು. ಕೊನೆಗೆ ಒಂದೊಂದೇ ಬೋಲ್ಟ್ ಮುಟ್ಟಿ ನೋಡಿ, ನೆಲಕ್ಕೆ ಕೂತು ನಗತೊಡಗಿದರು. "ಮಾಲಕ್ರ, ಇದು ಮುರದಿಲ್ರೀ, ಹುಟ್ಟಿದ್ದಾ ಹಿಂಗ! ವಾರಿ ನಿಂತಿದ್ದನ್ನ ನೆಟ್ಟಗ ನಿಂದ್ರಸಾಕ ಹೋಗಿ ನನ್ನ ನಡಾನಾ ವಾರಿ ಆತು." ಬೇರೆಯವರಾಗಿದ್ದರೆ ಈ ಫಜೀತಿಯನ್ನು ಮುಚ್ಚಿಡುತ್ತಿದ್ದರು. ಇವರು ಗ್ಯಾರೇಜಿಗೆ ಬಂದವರಿಗೆಲ್ಲ ತಾವೇ ಹೇಳಿ ನಗಿಸುತ್ತಿದ್ದರು.

ಅಪ್ಪ ತೀರಿಕೊಂಡ ಮೇಲೆ ಅಣ್ಣ ಕಾರು ಮಾರುವ ಮಾತು ತೆಗೆದ. "ಸಾಮಾನು ಸಿಗಂಗಿಲ್ಲ, ಎಲ್ಲಿ ನಿಂದ್ರತೈತೋ ಗೊತ್ತಿಲ್ಲ. ನೀ ಔಷಧಿ ಅಂಗಡಿ ನೋಡ್ಕೊಂತಿಯೋ, ಇದನ್ನ ನೋಡ್ಕೊಂತಿಯೋ?" ಎಂದ. ಮನೆಯಲ್ಲಿ ಆ ಕಾರು ಓಡಿಸಲು ಕಲಿತವಳು ನಾನೊಬ್ಬಳೇ. ಅಪ್ಪ ಪಕ್ಕಕ್ಕೆ ಕೂತು ಕಲಿಸಿದ್ದರು. ಅದು ಹೋದರೆ ಅಪ್ಪ ಇನ್ನೊಂದು ಸಲ ಹೋದಂತೆ ಎನಿಸಿತು. ಜಗಳವಾಡಿ ಒಂದು ಕರಾರಿಗೆ ಬಂದೆವು. ಸಿಂಧನೂರಿನಿಂದ ಲಿಂಗಸುಗೂರಿಗೆ ನಾವಿಬ್ಬರೂ ಅದರಲ್ಲಿ ಹೋಗಿ ಬರಬೇಕು. ಯಾರಾದರೂ ಹಗ್ಗ ಕಟ್ಟಿ ಎಳೆದರೆ ಕಾರು ಮಾರಾಟ.

ದಾರಿಯಲ್ಲಿ ಮಸ್ಕಿಯಲ್ಲಿ ನಿಲ್ಲಿಸಿ ಮಿಸ್ತ್ರಿಗೆ ಇದನ್ನು ಹೇಳಿದೆ. ಅವರು ಬೋಲ್ಟ್ ಬಿಚ್ಚುತ್ತಿದ್ದ ಪಾನಾ ಕೆಳಗಿಟ್ಟು, ಕೈ ತೊಳೆದು, ರುಮಾಲು ಸುತ್ತಿಕೊಂಡರು. "ನಾ ಕೈ ಹಾಕಿದ ಗಾಡಿ ಇವತ್ತಿನತನಕ ಟ್ರ್ಯಾಕ್ಟರ್ ಹಿಂದ ಹಗ್ಗ ಕಟ್ಟಿಸ್ಕೊಂಡು ಬಂದಿಲ್ಲ. ನಡಿಯವ್ವಾ, ನಾನೂ ಬರ್ತೀನಿ."

ಬೇಸಿಗೆಯ ಮಟಮಟ ಮಧ್ಯಾಹ್ನ. ಮಸ್ಕಿ ದಾಟಿ ಸ್ವಲ್ಪ ದೂರಕ್ಕೆ ಕಾರು ಎರಡು ಸಲ ಜಗ್ಗಾಡಿ ನಿಂತೇಬಿಟ್ಟಿತು. ಕೀಲಿ ಎಷ್ಟು ತಿರುವಿದರೂ ಏಳಲಿಲ್ಲ. ಹಿಂದೆ ಬಂದ ಬಳಗಾನೂರಿನ ಟ್ರ್ಯಾಕ್ಟರಿನವನು ಪಾಪ, ಕೇಳದೆಯೇ ಹಗ್ಗ ಹಿಡಿದು ಇಳಿದ. "ಕಟ್ಟಪ್ಪಾ," ಎಂದ ಅಣ್ಣ.

"ಹಗ್ಗ ಒಳಗ ಇಡು ತಮ್ಮಾ," ಎಂದರು ಮಿಸ್ತ್ರಿ. ಬಾನೆಟ್ ಎತ್ತಿ, ಇಂಜಿನ್ನಿಗೆ ಪೆಟ್ರೋಲ್ ಹಾಯಿಸುವ ಪಂಪಿಗೆ ಬೆರಳು ತಾಗಿಸಿ ಹಿಂದೆಗೆದರು. "ಬಿಸಲಿಗೆ ಪೆಟ್ರೋಲ್ ಆವಿ ಆಗೈತಿ. ಇಂಜಿನ್ ಕೆಟ್ಟಿಲ್ಲ, ಬಾಯಾರಿ ನಿಂತೈತಿ ಅಷ್ಟಾ. ಒಂದು ಅರಿವಿ ಕೊಡ್ರಿ."

ನಾನು ಡಿಕ್ಕಿಯಲ್ಲಿ ತಡಕಾಡುವಷ್ಟರಲ್ಲಿ ಅವರು ತಲೆಯ ರುಮಾಲನ್ನೇ ಬಿಚ್ಚಿದ್ದರು. "ಬ್ಯಾಡ ಕಾಕಾ!" ಎಂದೆ. ಕುಡಿಯುವ ನೀರನ್ನೆಲ್ಲ ಅದರ ಮೇಲೆ ಸುರಿದು, ಜಿಡ್ಡು ಹಿಡಿದ ಪಂಪಿಗೆ ಮಗುವಿಗೆ ಕುಂಚಿಗೆ ಕಟ್ಟಿದಷ್ಟು ಮೆತ್ತಗೆ ಸುತ್ತಿದರು. ಸ್ವಲ್ಪ ಹೊತ್ತು ಬಿಟ್ಟು, "ಈಗ ಚಾಲು ಮಾಡವ್ವಾ," ಎಂದರು. ಕೀಲಿ ಒಂದೇ ಸಲ ತಿರುವಿದ್ದಕ್ಕೆ ಎದ್ದಿತು! ನಾನು ಅತ್ತೇಬಿಟ್ಟೆ, ಹೇಳಲು ನಾಚಿಕೆಯೇನಿಲ್ಲ.

ಮಿಸ್ತ್ರಿ ಅಂದು ಬರಿತಲೆಯಲ್ಲಿ ಲಿಂಗಸುಗೂರು ಹೊಕ್ಕರು. ಚಹಾದ ಹೋಟೆಲಿನಲ್ಲಿ ಗುರುತಿನವರೊಬ್ಬರು ಹುಬ್ಬೇರಿಸಿ, "ಏನ್ ಮಿಸ್ತ್ರಿ, ರುಮಾಲೆಲ್ಲಿ?" ಎಂದರು. "ಇವತ್ತು ಅದು ಡ್ಯೂಟಿ ಮ್ಯಾಲ ಐತ್ರಿ," ಎಂದು ಚಹಾ ಹೀರಿದರು. ಅಣ್ಣ ಮರಳುವಾಗ ಮಾರಾಟದ ಸೊಲ್ಲೆತ್ತಲಿಲ್ಲ, ಮಸ್ಕಿ ಬಂದಾಗ, "ಒಂದೀಟು ನಾ ಓಡಸ್ಲೇನು?" ಎಂದು ಕೇಳಿದ. ಕೊಡಲಿಲ್ಲ.

ಹೋದ ವರ್ಷ ಮಿಸ್ತ್ರಿ ಹಾಸಿಗೆ ಹಿಡಿದರು. ನೋಡಲು ಹೋಗಿ ಮನೆಯ ಮುಂದೆ ಕಾರು ನಿಲ್ಲಿಸಿದೆ. ಇನ್ನೂ ಇಳಿದಿರಲಿಲ್ಲ, ಒಳಗಿಂದ ಕ್ಷೀಣ ದನಿ ಬಂತು: "ಒಂದು ಪ್ಲಗ್ ಕೆಮ್ಮಾಕತ್ತೈತಿ. ಬಿಚ್ಚಿ ಒರಸು. ಯಾವುದಂತ ನನ್ನ ಕೇಳಬ್ಯಾಡ, ನೀನಾ ಕಿವಿ ಕೊಡು." ಅವರು ಮಾಡುತ್ತಿದ್ದಂತೆಯೇ ಉದ್ದನೆಯ ಸ್ಕ್ರೂ ಡ್ರೈವರನ್ನು ಇಂಜಿನ್ನಿಗೆ ಊರಿ, ಹಿಡಿಯನ್ನು ಕಿವಿಗೆ ಹಚ್ಚಿ ಹುಡುಕಿದೆ. ಐದನೆಯದು. ಒರೆಸಿ ಮತ್ತೆ ಚಾಲು ಮಾಡಿದೆ. ಒಳಗೆ ಹೋದಾಗ ಕಣ್ಣು ಮುಚ್ಚಿ ನಗುತ್ತಿದ್ದರು. "ಆತು. ಇನ್ನ ನಾ ಇಲ್ಲದಿದ್ರೂ ನಡಿತೈತಿ," ಎಂದರು. ಅದೇ ಕೊನೆಯ ಭೇಟಿ.

ಈ ಬೇಸಿಗೆಯಲ್ಲಿ ಲಿಂಗಸುಗೂರಿನಿಂದ ಬರುವಾಗ, ಮಸ್ಕಿ ಇನ್ನೇನು ಬಂತು ಎನ್ನುವಷ್ಟರಲ್ಲಿ ಕಾರು ಮತ್ತೆ ನಿಂತಿತು. ಟ್ರ್ಯಾಕ್ಟರಿನವರೊಬ್ಬರು ಹಗ್ಗ ತಂದು, ಬಾನೆಟ್ಟಿನೊಳಗೆ ಇಣುಕಿ ಗಾಬರಿಯಾದರು. "ಅಕ್ಕಾರ, ಇಂಜಿನ್ನಾ ವಾರಿ ಬಿದ್ದೈತಲ್ರಿ!"

"ಅದು ಹುಟ್ಟಿದ್ದಾ ಹಂಗ. ಹಗ್ಗ ಒಳಗ ಇಡ್ರಿ ಅಣ್ಣಾ," ಎಂದೆ. ಸ್ಟಿಯರಿಂಗ್ ಪಕ್ಕದ ಖಾನೆಯಲ್ಲಿ ಮಿಸ್ತ್ರಿ ಕಾರಿಗೇ ಬಿಟ್ಟುಕೊಟ್ಟ ಅಂದಿನ ರುಮಾಲು ಹಾಗೆಯೇ ಇತ್ತು, ಎಷ್ಟು ಒಗೆದರೂ ಹೋಗದ ಕರಿ ಕಲೆಯ ಸಮೇತ. ನೀರು ಸುರಿದು ಪಂಪಿಗೆ ಸುತ್ತಿದೆ.

ಕಾರು ಎದ್ದಿತು. ಮುಚ್ಚಿದ ಗ್ಯಾರೇಜಿನ ಮುಂದೆ ವೇಗ ತಗ್ಗಿಸಿ, ಇಂಜಿನ್ನಿನ ತಪ್ಪು ಹಿಡಿಯುವ ಅವರ ದನಿಗಾಗಿ ರೂಢಿಯಂತೆ ಕಿವಿಗೊಟ್ಟೆ. ಯಾವ ಪ್ಲಗ್ಗೂ ಕೆಮ್ಮುತ್ತಿರಲಿಲ್ಲ.