ಆಹೇರಿ ಸೂಟ್‌ಕೇಸಿನ ಕಾನ್ಸಲ್

ಲುವಾಂಬಾ ಎಂಬ ದೇಶ ಎಲ್ಲಿದೆ ಎಂದು ಯಾರಾದರೂ ಕೇಳಿದರೆ, ಕ್ಯಾಲಿಫೋರ್ನಿಯಾದ ವೆಸ್ಟ್ ಕೊವಿನಾದಲ್ಲಿದೆ ಎನ್ನುತ್ತೇನೆ. ಅಟ್ಲಾಂಟಿಕ್ ಸಾಗರದಲ್ಲೂ ಅದರದೊಂದು ತುಂಡು ಇದೆಯಂತೆ. ಎಂಬತ್ತು ಸಾವಿರ ಜನ, ಹನ್ನೊಂದು ಮಂದಿ ಸಂಸದರು, ಕಾಲ ಕೆಳಗೆ ಏಳು ತಲೆಮಾರಿಗೆ ಸಾಲುವಷ್ಟು ಎಣ್ಣೆ. ನಾನು ಕಣ್ಣಾರೆ ಕಂಡ ಲುವಾಂಬಾ ಎಂದರೆ ಗುರುಬಸಪ್ಪನವರ ಗರಾಜು. ವಾಷಿಂಗ್ ಮಷೀನಿನ ಪಕ್ಕದಲ್ಲೊಂದು ಟೇಬಲ್ಲು, ಅದರ ಮೇಲೊಂದು ಮೊಹರು, ಗೋಡೆಗೆ ಹಳದಿ ಬಾವುಟ, ಬಾವುಟದ ನಡುವೆ ಕರಿ ಆಮೆ.

ನಾನು ಶಿವರಾಮ, ಪೊಮೊನಾದ ಯೂನಿವರ್ಸಿಟಿಯಲ್ಲಿ ಗಣಿತ ಕಲಿಸುವವನು. ಗುರುಬಸಪ್ಪನವರು ನನ್ನನ್ನು ಒಂದು ಮಾತೂ ಕೇಳದೆ ಲುವಾಂಬಾದ ಪ್ರಥಮ ಕಾರ್ಯದರ್ಶಿ ಮಾಡಿದ್ದರು. ಅವರ ಇಂಗ್ಲಿಷ್ ಕಾಗದ ತಿದ್ದುವುದು ನನ್ನ ಕೆಲಸ. ಸಂಬಳ, ಜೋಳದ ರೊಟ್ಟಿ.

ಬಾಗಲಕೋಟೆ ಕಡೆಯ ಗುರುಬಸಪ್ಪ ಸ್ಯಾನ್ ಪೀಡ್ರೊ ಬಂದರಿನಲ್ಲಿ ಇಪ್ಪತ್ತಾರು ವರ್ಷ ಎಣ್ಣೆ ಅಳೆದವರು. ಹಡಗು ಬಂದರೆ ಏಣಿ ಹತ್ತಿ, ಹಿತ್ತಾಳೆ ಗುಂಡು ಕಟ್ಟಿದ ಉಕ್ಕಿನ ಟೇಪನ್ನು ಟ್ಯಾಂಕಿಗೆ ಇಳಿಬಿಡುವುದು. ಒಂದು ಸಲವಲ್ಲ, ಮೂರು ಸಲ. ಆಮೇಲೆ ಅಂಕಿ ಬರೆಯುವುದು.

"ಮಾರಾವ ಒಂದ್ ಹೇಳ್ತಾನ, ಕೊಳ್ಳಾವ ಒಂದ್ ಹೇಳ್ತಾನ. ಕಡೀಕ ಇಬ್ರೂ ನನ್ನ ಕಾಗದಕ್ಕ ಸಹಿ ಹಾಕ್ತಾರ ನೋಡ್ರಿ ಮಾಸ್ತರ, ಅಷ್ಟ ನನ್ನ ಬಾಳು," ಎನ್ನುತ್ತಿದ್ದರು. ಅದು ಬಡಾಯಿಯಾಗಿರಲಿಲ್ಲ.

ಎರಡು ಸಾವಿರದ ಇಪ್ಪತ್ತರ ಏಪ್ರಿಲ್‌ನಲ್ಲಿ ಎಣ್ಣೆಯ ಬೆಲೆ ಸೊನ್ನೆಗಿಂತ ಕೆಳಗೆ ಹೋಯಿತು. ಬೇಡವಾದ ಎಣ್ಣೆ ಹೊತ್ತ ಹಡಗುಗಳು ತೀರದಾಚೆ ಲಂಗರು ಹಾಕಿ ನಿಂತವು. ಅವುಗಳಲ್ಲೊಂದು ಲುವಾಂಬಾದ್ದು, ಆ ದೇಶದ ಮೊಟ್ಟಮೊದಲ ಸ್ವಂತ ಹಡಗು. ಅಳೆಯಲು ಹೋದ ಗುರುಬಸಪ್ಪ, ಹಡಗಿನವರು ಮೂರು ವಾರದಿಂದ ಡಬ್ಬಿ ಮೀನು ತಿನ್ನುತ್ತಿರುವುದನ್ನು ನೋಡಿ, ಮಾರನೆಯ ದಿನ ಲಾಂಚಿನಲ್ಲಿ ನೂರು ರೊಟ್ಟಿ, ಶೇಂಗಾ ಚಟ್ನಿ ಕಳಿಸಿದರು. ಕ್ಯಾಪ್ಟನ್ ಅಲ್ಲಿನ ಅಧ್ಯಕ್ಷರ ಸೋದರತ್ತೆಯ ಮಗ. ಎಂಬತ್ತು ಸಾವಿರ ಜನರ ದೇಶದಲ್ಲಿ ಎಲ್ಲರೂ ಅಧ್ಯಕ್ಷರಿಗೆ ಏನಾದರೂ ಆಗಿಯೇ ಇರುತ್ತಾರೆ.

ಅದೇ ತಿಂಗಳು ಕಂಪನಿಯವರು ಟ್ಯಾಂಕುಗಳಿಗೆ ಎಣ್ಣೆ ಅಳೆಯುವ ರೇಡಾರ್ ಕೂರಿಸಿ ಗುರುಬಸಪ್ಪನವರನ್ನು ಮನೆಗೆ ಕಳಿಸಿದರು. ಅವರು ಮಂಕಾಗಿಬಿಟ್ಟರು. ಅಡುಗೆಮನೆಯ ಹಾಲಿನ ಪಾತ್ರೆಗೂ ಟೇಪು ಇಳಿಸಿ ನೋಡುತ್ತಿದ್ದರು ಎಂದು ಅವರ ಹೆಂಡತಿ ಪಂಕಜಾ ಹೇಳುವಾಗ ನಗಲೂ ಆಗುತ್ತಿರಲಿಲ್ಲ. ಅಂಥ ಹೊತ್ತಿನಲ್ಲಿ ಬಂತು ಲುವಾಂಬಾದ ಅಧ್ಯಕ್ಷರ ಕಾಗದ. ಲಾಸ್ ಏಂಜಲೀಸಿನಲ್ಲಿ ತಾವು ನಮ್ಮ ಗೌರವ ಕಾನ್ಸಲ್ ಆಗಬೇಕು. ಸಂಬಳವಿಲ್ಲ, ಕಚೇರಿಯಿಲ್ಲ, ಬಾವುಟ ಕಳಿಸುತ್ತೇವೆ.

"ಡ್ಯಾಡ್, ದಿಸ್ ಈಸ್ ಎ ಸ್ಕ್ಯಾಮ್," ಎಂದಳು ಮಗಳು ನಮ್ರತಾ.

"ಸ್ಕ್ಯಾಮ್ ಮಾಡಾವ್ರು ರೊಕ್ಕ ಕೊಡ್ತೀವಿ ಅಂತಾರವ್ವ. ಇವ್ರು ಕೊಡಾಂಗಿಲ್ಲ ಅಂತ ಮೊದಲ ಬರದಾರ," ಎಂದು ಗುರುಬಸಪ್ಪ ಒಪ್ಪಿಕೊಂಡರು.

ಮೂರು ವರ್ಷ ಅವರು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಲುವಾಂಬಾವನ್ನು ಕಾದರು. ಕ್ಯಾಲಿಫೋರ್ನಿಯಾ ನಮ್ಮ ಎಣ್ಣೆಯ ಬಗ್ಗೆ ಏನು ಯೋಚಿಸುತ್ತಿದೆ ಎಂದು ಅಲ್ಲಿಂದ ಪ್ರಶ್ನೆ ಬಂದರೆ, ಗ್ಯಾಸ್ ಸ್ಟೇಷನ್ನುಗಳಲ್ಲಿ ನಿಂತು ಜನರನ್ನು ವಿಚಾರಿಸಿ, "ಯಾರೂ ಯೋಚಿಸುತ್ತಿಲ್ಲ" ಎಂದು ನಾಲ್ಕು ಪುಟದ ವರದಿ ಕಳಿಸಿದರು. ಅದಕ್ಕೆ ಅಲ್ಲಿ 'ರಹಸ್ಯ' ಎಂದು ಮುದ್ರೆ ಒತ್ತಿದರಂತೆ.

ಲುವಾಂಬಾದ ಪಕ್ಕದ ದ್ವೀಪ ತೆಸೀರಾ. ಎರಡರ ನಡುವಿನ ಸಮುದ್ರದಲ್ಲಿ ಏಳನೇ ಬ್ಲಾಕ್ ಎಂಬ ಎಣ್ಣೆಯ ಜಾಗ. ನಮ್ಮದು ಎಂದು ಇವರು, ನಮ್ಮದು ಎಂದು ಅವರು, ಮೂವತ್ತು ವರ್ಷದ ಜಗಳ. ಎರಡು ಸಾವಿರದ ಇಪ್ಪತ್ತಮೂರರ ನವೆಂಬರಿನಲ್ಲಿ ಸ್ಯಾನ್ ಡಿಯಾಗೋದಲ್ಲಿ ಸಣ್ಣ ಎಣ್ಣೆ ದೇಶಗಳ ಸಮ್ಮೇಳನವಿತ್ತು. ಅದಕ್ಕೆ ಒಂದು ವಾರ ಮುಂಚೆ ತೆಸೀರಾದ ಉಪಸಚಿವರೊಬ್ಬರು ಗುಟ್ಟಾಗಿ ವೆಸ್ಟ್ ಕೊವಿನಾಕ್ಕೆ ಬಂದು, ಲುವಾಂಬಾದವರ ಮನಸ್ಸು ಹೇಗಿದೆ ಎಂದು ವಿಚಾರಿಸಿ, ಎಣ್ಣೆಗಾಯಿ ಪಲ್ಯ ಎರಡು ಸಲ ಹಾಕಿಸಿಕೊಂಡು, ಒಂದು ನೀಲಿ ಶಾಲು ಉಡುಗೊರೆ ಕೊಟ್ಟು ಹೋದರು. ಪಂಕಜಾ ಅದನ್ನು ಆಹೇರಿ ಸೂಟ್‌ಕೇಸಿಗೆ ಹಾಕಿದರು.

ಈ ಸೂಟ್‌ಕೇಸು ನಮ್ಮ ಉತ್ತರ ಕರ್ನಾಟಕದವರ ಮನೆಗಳಲ್ಲಿ ಇರುವಂಥದ್ದೇ. ಮದುವೆ, ಗೃಹಪ್ರವೇಶಗಳಲ್ಲಿ ಬಂದ ಸೀರೆ, ಶಾಲು, ಖಣ ಇವೆಲ್ಲ ಆಹೇರಿ. ಅದನ್ನು ಯಾರೂ ಬಿಚ್ಚಿ ನೋಡುವುದಿಲ್ಲ, ಉಡುವುದಂತೂ ದೂರ. ಇನ್ನೊಬ್ಬರ ಮನೆಯ ಕಾರ್ಯಕ್ಕೆ ಅದೇ ಹೋಗುತ್ತದೆ. ಕೊಟ್ಟವರ ಮನೆಗೇ ತಿರುಗಿ ಹೋಗಬಾರದು, ಅಷ್ಟೇ ಕಾನೂನು. ಪಂಕಜಾ ಪ್ರತಿ ಕವರಿಗೂ ಕೊಟ್ಟವರ ಹೆಸರಿನ ಚೀಟಿ ಚುಚ್ಚಿಡುತ್ತಿದ್ದರು. ನೀಲಿ ಶಾಲಿನ ಚೀಟಿಯಲ್ಲಿ 'ತೆಸೀರಾದವರು' ಎಂದಿತ್ತು.

ಸ್ಯಾನ್ ಡಿಯಾಗೋದ ಹೋಟೆಲಿನಲ್ಲಿ ಲುವಾಂಬಾದ ಇಂಧನ ಸಚಿವೆ ಅಮಾಲಿಯಾ ಸಿಕ್ಕರು. ಮನೆಯ ಹೆಣ್ಣುಮಗಳನ್ನು ಬರಿಗೈಲಿ ಕಳಿಸುವುದುಂಟೆ? ಪಂಕಜಾ ಅರಿಶಿನ ಕುಂಕುಮ ಹಚ್ಚಿ, ಜೊತೆಗೆ ತಂದಿದ್ದ ಕವರಿನ ಚೀಟಿ ನೋಡಿ, ಕೊಡುತ್ತಿರುವುದು ತೆಸೀರಾದವರಿಗಲ್ಲವಲ್ಲ ಎಂದು ಖಾತ್ರಿ ಮಾಡಿಕೊಂಡು, ಚೀಟಿ ಕಿತ್ತು, ಶಾಲು ಹೊದಿಸಿದರು. ಸಚಿವೆಗೆ ಕಣ್ಣಲ್ಲಿ ನೀರು ಬಂತು. ಅದು ಕರ್ನಾಟಕದ ಶಾಲು ಎಂದುಕೊಂಡು, ಅದನ್ನೇ ಹೊದ್ದು ವೇದಿಕೆ ಹತ್ತಿ ನಲವತ್ತು ನಿಮಿಷ ಭಾಷಣ ಮಾಡಿದರು.

ಶಾಲಿನ ಸೆರಗಿನಲ್ಲಿ ಸಮುದ್ರದ ನಕ್ಷೆ ನೇಯ್ದಿತ್ತು. ಏಳನೇ ಬ್ಲಾಕ್ ತೆಸೀರಾದ ಗೆರೆಯೊಳಗಿತ್ತು.

ಸಂಜೆಯೊಳಗೆ ಫೋಟೋ ಎರಡೂ ದ್ವೀಪ ಮುಟ್ಟಿತು. ಲುವಾಂಬಾದ ಸಚಿವೆ ನಮ್ಮ ಹಕ್ಕು ಒಪ್ಪಿಕೊಂಡರೆಂದು ತೆಸೀರಾ ಸರ್ಕಾರಿ ರಜೆ ಘೋಷಿಸಿತು. ಲುವಾಂಬಾದ ಹನ್ನೊಂದು ಸಂಸದರಲ್ಲಿ ಒಂಬತ್ತು ಮಂದಿ ರಾಜೀನಾಮೆ ಕೇಳಿದರು. ಉಳಿದಿಬ್ಬರಲ್ಲಿ ಒಬ್ಬರು ಸಚಿವೆಯೇ, ಇನ್ನೊಬ್ಬರು ಅವರ ಅಣ್ಣ.

ಕಾರಿನಲ್ಲಿ ವಾಪಸ್ ಬರುವಾಗ ಪಂಕಜಾ, "ಆಕೀಗೆ ಚೊಲೊ ಒಪ್ಪಿತ್ತಲ್ರಿ?" ಎಂದರು.

ನಾಲ್ಕನೇ ದಿನ ಲುವಾಂಬಾದವರ ಪಾರ್ಸಲ್ ಬಂತು. ಒಳಗೆ ಶಾಲು, ಜೊತೆಗೆ ಆಜ್ಞೆ: ಬಾವುಟ ಮತ್ತು ಮೊಹರು ಕೂಡಲೇ ಕಳಿಸತಕ್ಕದ್ದು, ಬಾವುಟ ನಮ್ಮ ಕೈಸೇರಿದ ದಿನ ದೂತಾವಾಸ ಮುಚ್ಚಿದಂತೆ. ಮಾಡಿದ ಆಹೇರಿ ವಾಪಸ್ ಬಂತಲ್ಲ ಎಂದು ಪಂಕಜಾ ಅತ್ತರು. ಗುರುಬಸಪ್ಪ ಬಾವುಟ ಇಳಿಸಿ, ಮಡಚಿ, ಜೋಪಾನವಾಗಿಡು ಎಂದು ಹೆಂಡತಿಗೆ ಕೊಟ್ಟರು.

"ನನ್ನ ಮಾತು ಯಾರಿಗೂ ಬ್ಯಾಡಾತು ಮಾಸ್ತರ. ಇದು ಎರಡನೇ ಸಲ," ಎಂದರು. ಅಷ್ಟು ಸಣ್ಣ ದನಿಯಲ್ಲಿ ಅವರು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ನನಗೆ ಆ ಹನ್ನೊಂದು ಸಂಸದರ ಮೇಲೂ ಕೆಟ್ಟ ಸಿಟ್ಟು ಬಂತು.

ಪೋಸ್ಟಿಗೆ ಹಾಕುವ ದಿನ ಬಾವುಟವಿಲ್ಲ! ಪಂಕಜಾಗೆ ಜೋಪಾನದ ಜಾಗವೆಂದರೆ ಸೂಟ್‌ಕೇಸು, ಕವರಿಗೆ ಹಾಕಿ ಅಲ್ಲೇ ಇಟ್ಟಿದ್ದರು. ಪೊಮೊನಾದ ರುದ್ರಪ್ಪನವರ ಗೃಹಪ್ರವೇಶಕ್ಕೆ ಹೋಗುವಾಗ ಮನಸ್ಸು ಸರಿಯಿಲ್ಲದೆ ಮೇಲಿನ ಕವರನ್ನೇ ಎತ್ತಿಕೊಟ್ಟಿದ್ದರು. ಮೂವರೂ ರುದ್ರಪ್ಪನವರ ಮನೆಗೆ ಹೋದೆವು. ಕೊಟ್ಟ ಆಹೇರಿ ಹೇಗೆ ಕೇಳುವುದು? ಎರಡು ಸಲ ಚಹಾ ಆದ ಮೇಲೆ ಪಂಕಜಾ ಬಾಯಿಬಿಟ್ಟರು. ರುದ್ರಪ್ಪನವರ ಹೆಂಡತಿ ಇಂದಿರಾ ಮುಖ ಕೆಂಪಗೆ ಮಾಡಿಕೊಂಡು ನನ್ನನ್ನು ತೋರಿಸಿದರು.

"ಮಾಸ್ತರಿಗೆ ಪ್ರಮೋಷನ್ ಆತಲ್ರಿ, ಊಟಕ್ಕ ಕರದಾಗ ಅವ್ರಿಗೆ ಕೊಟ್ವಿ."

ಹೌದು, ಒಂದು ಕವರು ನನ್ನ ಕಪಾಟಿನಲ್ಲಿತ್ತು. ನಾನೂ ಬಿಚ್ಚಿ ನೋಡಿರಲಿಲ್ಲ. ಅದನ್ನು ತಂದುಕೊಟ್ಟರೆ ಆ ವಾರವೇ ಗುರುಬಸಪ್ಪನವರ ದೂತಾವಾಸದ ಕತೆ ಮುಗಿಯುತ್ತಿತ್ತು.

"ಅಯ್ಯೋ, ನಾನೂ ಕೊಟ್ಟುಬಿಟ್ಟೆ," ಎಂದೆ. "ಸ್ಯಾನ್ ಡಿಯಾಗೋದಲ್ಲಿ ಒಂದು ಮದುವೆ ಇತ್ತು."

ಗುರುಬಸಪ್ಪ ನನ್ನ ಮುಖವನ್ನೇ ನೋಡಿದರು. "ಹೊಸಾ ಮದಿಮಕ್ಕಳ ಹಂತೇಕ ಹೋಗಿ ಕೇಳೂ ಮನೆತನ ನಮ್ಮದಲ್ಲ. ನಡೀರಿ," ಎಂದರು.

ಆ ರಾತ್ರಿ ಮನೆಯಲ್ಲಿ ಕವರು ಬಿಚ್ಚಿದೆ. ಆಮೆ ನನ್ನನ್ನೇ ನೋಡುತ್ತಿತ್ತು.

ಮಾರನೆಯ ದಿನ ನಾನು 'ದುರದೃಷ್ಟಕರ ತಪ್ಪುಗ್ರಹಿಕೆ' ಎಂದೆಲ್ಲ ಸೇರಿಸಿ ಒಂದು ಕ್ಷಮಾಪಣೆ ಬರೆದುಕೊಂಡು ಹೋದೆ. ಗುರುಬಸಪ್ಪ ಅದನ್ನು ಹರಿದರು. ಗರಾಜಿನ ನೆಲದ ಮೇಲೆ ಶಾಲು ಹಾಸಿ, ಮಂಡಿಯೂರಿ, ಹಳೆಯ ಟೇಪಿನಿಂದ ಎರಡೂ ಸೆರಗಿನ ನಕ್ಷೆಯನ್ನು ಅಳೆದರು. ಮೂರು ಸಲ. ನೇಕಾರನಿಗೆ ಎಳೆಯ ಲೆಕ್ಕ ತಪ್ಪಿತ್ತು. ಒಂದು ಸೆರಗಿನಲ್ಲಿ ಏಳನೇ ಬ್ಲಾಕ್ ತೆಸೀರಾದ್ದು, ಇನ್ನೊಂದರಲ್ಲಿ ಒಂದೂವರೆ ಬೆರಳು ಸರಿದು ಲುವಾಂಬಾದ್ದು!

ಅವರು ಬಂದರಿನ ಹಳೆಯ ಅಳತೆ ಫಾರ್ಮನ್ನೇ ತುಂಬಿದರು. ಮಾರುವವರು ಎಂದಿದ್ದಲ್ಲಿ ಲುವಾಂಬಾ, ಕೊಳ್ಳುವವರು ಎಂದಿದ್ದಲ್ಲಿ ತೆಸೀರಾ. ಆಹೇರಿ ಎಂದರೇನು, ಅದು ಯಾರ ಹಕ್ಕನ್ನೂ ಹೇಳುವುದಿಲ್ಲ, ಕೈಯಿಂದ ಕೈಗೆ ಹೋಗುವುದೇ ಅದರ ಕೆಲಸ ಎಂದು ಒಂದು ಪುಟ ವಿವರಣೆ. ಕೊನೆಗೆ ಷರಾ: 'ಬಾವುಟ ಚಲನೆಯಲ್ಲಿದೆ. ನಿಂತ ಮೇಲೆ ತಿಳಿಸಲಾಗುವುದು.' ಎರಡೂ ದೇಶಕ್ಕೆ ಒಂದೊಂದು ಪ್ರತಿ ಹೋಯಿತು.

"ಇದಕ್ಕೆ ಯಾರು ಸಹಿ ಹಾಕ್ತಾರೆ ಸರ್?" ಎಂದೆ.

"ಅಳತಿ ಖರೇ ಇದ್ರ ಹಾಕ್ತಾರ."

ಐದು ತಿಂಗಳು ಸುದ್ದಿಯೇ ಇಲ್ಲ. ಬಾವುಟ ಕೈಸೇರದೆ ದೂತಾವಾಸ ಮುಚ್ಚುವಂತಿಲ್ಲ, ಹಾಗಾಗಿ ಗುರುಬಸಪ್ಪ ಬರಿಗೋಡೆಯ ಕೆಳಗೆ ಕಾನ್ಸಲ್ ಆಗಿಯೇ ಕೂತಿದ್ದರು. ಆಮೇಲೊಂದು ದಿನ ಫಾರ್ಮು ಬಂತು, ಎರಡು ಸಹಿ ಹೊತ್ತು. ಸಚಿವೆಗೆ ಕುರ್ಚಿ ಉಳಿಯಬೇಕಿತ್ತು, ತೆಸೀರಾಕ್ಕೆ ಕೊಟ್ಟ ರಜೆಯ ಮರ್ಯಾದೆ ಉಳಿಯಬೇಕಿತ್ತು. ಒಬ್ಬೊಬ್ಬರಿಗೆ ಒಂದೊಂದು ಸೆರಗು ಸಿಕ್ಕಿತ್ತು. ಮೂವತ್ತು ವರ್ಷದಲ್ಲಿ ಇಬ್ಬರೂ ಸಹಿ ಹಾಕಿದ ಮೊದಲ ಕಾಗದ ಅದೇ. ಅದರ ಬೆನ್ನಿಗೇ ಏಳನೇ ಬ್ಲಾಕಿನಿಂದ ಸೇರಿ ಎಣ್ಣೆ ತೆಗೆಯುವ ಒಪ್ಪಂದವಾಯಿತು. ಅಳತೆಯ ಕಲಮಿನಲ್ಲಿ ರೇಡಾರ್ ಎಂದಿರಲಿಲ್ಲ, ಗುರುಬಸಪ್ಪ ಎಂದಿತ್ತು.

ಕಳೆದ ವರ್ಷ ಮೊದಲ ಹಡಗು ಸ್ಯಾನ್ ಪೀಡ್ರೊಗೆ ಬಂತು. ಅರವತ್ತೆಂಟರ ಗುರುಬಸಪ್ಪ ಹಳೆಯ ಹೆಲ್ಮೆಟ್ ತೊಟ್ಟಿದ್ದರು. ಅವರನ್ನು ಕಾರಿನಲ್ಲಿ ಕರೆದುಕೊಂಡು ಹೋದವನು ನಾನು. ಪಾರ್ಕಿಂಗಿನಲ್ಲಿ ಹಿಂದಿನ ಸೀಟಿನಿಂದ ಕವರು ತೆಗೆದು ಅವರ ಮುಂದೆ ಹಿಡಿದೆ. ಆಮೆಯ ಬಾಲ ಹೊರಗೆ ಕಾಣುತ್ತಿತ್ತು.

"ಇದು ನಿಮ್ಮ ಹಂತೇಕನ ಇತ್ತೇನು?"

"ಇತ್ತು."

"ಇಪ್ಪತ್ತಾರು ವರ್ಷದಾಗ ಒಂದ ಒಂದು ಸುಳ್ಳು ಬರದಿದ್ದಿಲ್ಲ ನಾ. ಚಲನೆಯಲ್ಲಿದೆ ಅಂತ ಬರಸಿಬಿಟ್ರಿ ನೀವು," ಎಂದು ಕವರು ಮುಟ್ಟದೆ ಏಣಿಯ ಕಡೆ ನಡೆದರು.

ನಾಲ್ಕು ಗಂಟೆ ಕಾರಿನಲ್ಲಿ ಕೂತಿದ್ದೆ. ನಾಚಿಕೆಯಾಗುತ್ತಿತ್ತು, ಆದರೆ ಪಶ್ಚಾತ್ತಾಪ ಬರಲೊಲ್ಲದು. ಅವರು ಇಳಿದು ಬಂದಾಗ ಮೈಯೆಲ್ಲ ಕಚ್ಚಾ ಎಣ್ಣೆಯ ವಾಸನೆ. ಕಾರಿನ ಬಾನೆಟ್ಟಿನ ಮೇಲೆ ಕಾಗದ ಹಾಸಿದರು. ಅವರ ಅಂಕಿ, ಅದರ ಕೆಳಗೆ ಎರಡು ಸಹಿ.

"ಒಂದ ಮಾತಿಗೆ ಹಾಕಿದ್ರು," ಎಂದರು. ಕಣ್ಣೊರೆಸಿಕೊಂಡರು. ಆಮೇಲೆ ಪೆನ್ನು ತೆಗೆದು ಷರಾದ ಜಾಗದಲ್ಲಿ ಬರೆದರು: 'ಬಾವುಟ ನಿಂತಿದೆ.'

"ಹಾಗಾದ್ರೆ ಈಗ ಕಳಿಸಬೇಕಲ್ಲ ಸರ್, ದೂತಾವಾಸ ಮುಚ್ಚಿಹೋಗುತ್ತೆ."

"ನಾ ಹೆಂಗ ಕಳಸ್ಲಿ? ಅದು ನಿಮಗ ಬಂದ ಆಹೇರಿ." ಪೆನ್ನನ್ನು ನನ್ನ ಕೈಗಿಟ್ಟರು. "ಸಾಕ್ಷಿ ಅಂತ ಅದ ನೋಡ್ರಿ, ಅಲ್ಲಿ ಸಹಿ ಹಾಕ್ರಿ. ಈ ಸಲ ಖರೇ ಹಾಕ್ರಿ."

ಹಾಕಿದೆ. ಬಾವುಟ ಈಗಲೂ ಪೊಮೊನಾದಲ್ಲಿ ನನ್ನ ಕಪಾಟಿನಲ್ಲಿದೆ. ಆಮೇಲೆ ನಾಲ್ಕು ಮದುವೆಗೆ ಹೋಗಿದ್ದೇನೆ, ನಾಲ್ಕಕ್ಕೂ ಅಂಗಡಿಯಿಂದ ಹೊಸ ಶಾಲನ್ನೇ ತಂದಿದ್ದೇನೆ.