ಸಹಿ ಹಾಕಿಟ್ಟು ಮನೆಗೆ ಬರುತ್ತಿದ್ದ ಕ್ಯಾಷಿಯರ್

“ಅಮ್ಮಾ, ಆಫೀಸಿಗೆ ಹೋಗದೇ ಇರೋರು ಶೂ ಯಾಕೆ ಪಾಲಿಶ್ ಮಾಡ್ತಾರೆ?”

ಮೂರು ವಾರದ ಹಿಂದೆ, ಜಡೆ ಹಾಕಿಸಿಕೊಳ್ಳುತ್ತ ಕೂತಿದ್ದ ಐದು ವರ್ಷದ ಮಗಳು ಕೇಳಿದಳು. ಕಿಟಕಿಯಾಚೆ, ಮಹಡಿಗೆ ಹೋಗುವ ಮೆಟ್ಟಿಲ ಮೇಲೆ ಮೇಲ್ಮನೆಯ ತಾತ ಕೂತು ಶೂ ಉಜ್ಜುತ್ತಿದ್ದರು.

“ಅವರು ವಕೀಲರ ಹತ್ರ ಹೋಗ್ಬೇಕು, ಅದಕ್ಕೆ.”

“ವಕೀಲರು ಶೂ ನೋಡ್ತಾರಾ?”

ಕತ್ತು ಅಲ್ಲಾಡಿಸಬೇಡ ಅಂತ ಗದರಿ ಇನ್ನೊಂದು ಜಡೆಗೆ ಕೈ ಹಾಕಿದೆ.

ಅವಳಿಗೆ ತಾತ, ನನಗೆ ದೊಡ್ಡಪ್ಪ. ರಕ್ತಸಂಬಂಧವೇನಿಲ್ಲ. ಮದುವೆಯಾಗಿ ಈ ಮನೆಗೆ ಬಾಡಿಗೆಗೆ ಬಂದ ದಿನ ನಮ್ಮ ಬೀರು ಬಾಗಿಲಲ್ಲಿ ಸಿಕ್ಕಿಕೊಂಡಿತ್ತು. “ಅದರ ಕಾಲು ಬಿಚ್ಚಿ, ತಾನೇ ತಲೆ ಬಗ್ಗಿಸುತ್ತೆ” ಎಂದು ಸ್ಪ್ಯಾನರ್ ಹಿಡಿದು ಇಳಿದು ಬಂದವರು ಅವರು. ಅಂದಿನಿಂದ ದೊಡ್ಡಪ್ಪ, ಅವರ ಹೆಂಡತಿ ದೊಡ್ಡಮ್ಮ. ಅವರಿಗೆ ಮಕ್ಕಳಿಲ್ಲ.

ಬಸ್ ಡಿಪೋದ ನೌಕರರೇ ಸೇರಿ ನಡೆಸುವ ಪತ್ತಿನ ಸಂಘದಲ್ಲಿ ದೊಡ್ಡಪ್ಪ ಇಪ್ಪತ್ತೊಂಬತ್ತು ವರ್ಷ ಕ್ಯಾಷಿಯರ್ ಆಗಿದ್ದರು. ಡ್ರೈವರ್, ಕಂಡಕ್ಟರ್, ಮೆಕ್ಯಾನಿಕ್‌ಗಳು ಸಂಬಳದಲ್ಲಿ ಅಷ್ಟಿಷ್ಟು ಅಲ್ಲಿ ಕಟ್ಟುತ್ತಾರೆ, ಕಷ್ಟ ಬಂದಾಗ ಅಲ್ಲಿಂದಲೇ ತೆಗೆಯುತ್ತಾರೆ. ನನ್ನ ಗಂಡನೂ ಅದೇ ಡಿಪೋದಲ್ಲಿ ಕಂಡಕ್ಟರ್. ಚಿಲ್ಲರೆಯ ಬದಲು ಚಾಕಲೇಟು ಕೊಡುವ ಅಂಗಡಿಯವನ ಜೊತೆ ದೊಡ್ಡಪ್ಪ ಕಾಲು ಗಂಟೆ ವಾದಕ್ಕೆ ನಿಲ್ಲುವವರಾದ್ದರಿಂದ ಡಿಪೋದಲ್ಲಿ ಅವರಿಗೆ ‘ಚಿಲ್ಲರೆ ಸಾಹೇಬ್ರು’ ಎಂದೇ ಹೆಸರು.

ಅಂಥವರ ಮೇಲೆ ಸಂಘದ ಹಣ ನುಂಗಿದ ಕೇಸು ಬಿದ್ದಿದೆ.

ಆದದ್ದು ಇಷ್ಟು. ಡಿಪೋದಿಂದ ಮೊದಲ ಬಸ್ಸು ಹೊರಡುವುದು ನಾಲ್ಕೂವರೆಗೆ. ಸಂಘ ಬಾಗಿಲು ತೆಗೆಯುವುದು ಹತ್ತಕ್ಕೆ. ಮನೆಯಲ್ಲಿ ಯಾರಿಗೋ ಹುಷಾರಿಲ್ಲ, ಈಗಲೇ ಹಣ ಬೇಕು ಎಂದರೆ ಹತ್ತರ ತನಕ ಕಾದವನ ಬಸ್ಸು ಯಾರು ಓಡಿಸಬೇಕು? ಅದಕ್ಕೆ ದೊಡ್ಡಪ್ಪ ಸಂಜೆ ಹೊರಡುವ ಮೊದಲು ಹತ್ತು ಖಾಲಿ ವೋಚರ್‌ಗಳಿಗೆ ತಮ್ಮ ಸಹಿ ಹಾಕಿ, ಒಂದಿಷ್ಟು ಹಣದ ಜೊತೆ ಕಾರ್ಯದರ್ಶಿಯ ಕೈಗೆ ಕೊಟ್ಟು ಬರುತ್ತಿದ್ದರು. ಕಾರ್ಯದರ್ಶಿಯ ಮನೆ ಡಿಪೋ ಕಾಂಪೌಂಡಿನೊಳಗೇ ಇದೆ. ಬೆಳಗಿನ ಜಾವ ಬಂದವರು ವೋಚರಿನಲ್ಲಿ ಹೆಸರು, ಮೊತ್ತ ಬರೆದು ಹಣ ಒಯ್ಯುತ್ತಿದ್ದರು. ದೊಡ್ಡಪ್ಪ ಹತ್ತಕ್ಕೆ ಬಂದು, ಹೆಸರು ಯಾರದೆಂದು ನೋಡದೆ ಮೊತ್ತ ಮಾತ್ರ ತಾಳೆ ನೋಡಿ ಲೆಕ್ಕಕ್ಕೆ ಏರಿಸುತ್ತಿದ್ದರು. ನಿಯಮದ ಪುಸ್ತಕದಲ್ಲಿ ಹೀಗೆ ಮಾಡುವಂತಿಲ್ಲ. ಅದು ಎಲ್ಲರಿಗೂ ಗೊತ್ತಿತ್ತು, ಎಲ್ಲರೂ ಹಾಗೇ ಹಣ ಒಯ್ದಿದ್ದರು. ನನಗೆ ಹೆರಿಗೆಯಲ್ಲಿ ಕಷ್ಟವಾಗಿ ಆಪರೇಷನ್ ಎಂದಾಗ ನನ್ನ ಗಂಡ ಓಡಿದ್ದೂ ಆ ವೋಚರಿಗೇ.

ಈ ವರ್ಷ ಲೆಕ್ಕ ತಪಾಸಣೆಗೆ ಬಂದವರು ನಲವತ್ತಮೂರು ವೋಚರ್ ಹೊರಗೆಳೆದರು. ಯಾವುದೋ ಕಾಲಕ್ಕೆ ನಿವೃತ್ತರಾದವರ ಹೆಸರು, ಸತ್ತವರ ಹೆಸರು ಅವುಗಳಲ್ಲಿದ್ದವು. ಎಲ್ಲದರ ಕೆಳಗೂ ದೊಡ್ಡಪ್ಪನ ದುಂಡು ಸಹಿ. “ನಂಗೇನ್ರೀ ಗೊತ್ತು, ಸಹಿ ಯಾರದೋ ಅವರನ್ನ ಕೇಳಿ” ಎಂದು ಕಾರ್ಯದರ್ಶಿ ಕೈ ತೊಳೆದುಕೊಂಡ. ದೂರು ಕೊಟ್ಟವನೂ ಅವನೇ.

ವಕೀಲರನ್ನು ಹುಡುಕಲು ಜೊತೆಗೆ ನಾನು ಹೋದೆ. ಮಗಳ ಶಾಲೆ ಬಿಡುವುದು ಹನ್ನೆರಡೂವರೆಗೆ, ಅಷ್ಟರೊಳಗೆ ಮುಗಿಸಿ ಬರಬೇಕು. ದೊಡ್ಡಮ್ಮನಿಗೆ ಬಿಪಿ ಇದೆ, ಜೊತೆಗೆ ಕೋಪವೂ ಇದೆ. “ಕ್ರಿಮಿನಲ್ ವಕೀಲ ಅಂದ್ರೆ ಕ್ರಿಮಿನಲ್‌ಗಳಿಗೆ ತಾನೇ? ನಮಗ್ಯಾಕೆ ಅಂಥವನು? ಒಳ್ಳೇ ವಕೀಲನ್ನ ನೋಡಿ” ಎಂದು ಬಾಗಿಲಲ್ಲೇ ತಡೆದಿದ್ದರು.

ಆ ಒಳ್ಳೇ ವಕೀಲನ ಹತ್ತಿರವೇ ಮೊದಲು ಹೋದೆವು. ದೊಡ್ಡಪ್ಪನಿಗೆ ಪರಿಚಯದವರು, ಮನೆಯ ಬಾಡಿಗೆ ಕರಾರು ಮಾಡಿಕೊಟ್ಟವರು. ಫೈಲನ್ನು ಎರಡು ಹಾಳೆ ತಿರುವಿ ವಾಪಸು ತಳ್ಳಿದರು. “ಇದು ನನ್ನ ಅಂಗಡಿ ಸರಕಲ್ಲ ಸಾಹೇಬ್ರೇ. ಹಲ್ಲುನೋವಿಗೆ ಕಣ್ಣಿನ ಡಾಕ್ಟರ ಹತ್ರ ಬಂದ ಹಾಗಾಯ್ತು” ಎಂದರು.

ಎರಡನೆಯವರದು ಗಾಜಿನ ಕೋಣೆ, ಚಳಿ ಹುಟ್ಟಿಸುವ ಏಸಿ. ಅವರು ಫೈಲು ತೆರೆಯಲೇ ಇಲ್ಲ. ದೊಡ್ಡಪ್ಪನ ಶೂವಿನಿಂದ ಅಂಗಿಯ ಕಾಲರಿನ ತನಕ ಒಮ್ಮೆ ಕಣ್ಣಾಡಿಸಿ ಫೀಸು ಹೇಳಿದರು. “ಅಷ್ಟು ನನ್ನ ಹತ್ರ ಇಲ್ಲ ಸಾರ್” ಎಂದರು ದೊಡ್ಡಪ್ಪ. ವಕೀಲರು ನಕ್ಕು, “ಎಲ್ಲರೂ ಮೊದಲು ಹಾಗೇ ಹೇಳ್ತಾರೆ. ಮನೆಗೆ ಹೋಗಿ ನೆನಪು ಮಾಡ್ಕೊಳ್ಳಿ, ಎಲ್ಲಿಟ್ಟಿದ್ದೀರಿ ಅಂತ” ಎಂದರು. ಲಿಫ್ಟಿನಲ್ಲಿ ಇಳಿದು ರಸ್ತೆಗೆ ಬಂದ ಮೇಲೆ ದೊಡ್ಡಪ್ಪ, “ನನ್ನ ವಕೀಲನೇ ನಾನು ಕದ್ದಿದ್ದೀನಿ ಅಂತ ನಂಬಿದ್ರೆ, ಜಡ್ಜಿಗೆ ಹೇಳೋರು ಯಾರಮ್ಮಾ?” ಎಂದರು.

ಮೂರನೆಯವರು ಸಿಕ್ಕಿದ್ದು ಕೋರ್ಟಿನೆದುರು ಜೆರಾಕ್ಸ್ ಅಂಗಡಿಯ ಮಹಡಿಯಲ್ಲಿ. ಹೆಂಗಸು, ವಯಸ್ಸು ನಲವತ್ತಿರಬಹುದು. ಕುರ್ಚಿಗಳ ಮೇಲೆಲ್ಲ ಫೈಲುಗಳಿದ್ದವು. ಒಂದನ್ನು ಖಾಲಿ ಮಾಡಿ ದೊಡ್ಡಪ್ಪನನ್ನು ಕೂರಿಸಿದರು. ನಾನು ನಿಂತೇ ಇದ್ದೆ.

“ಸಹಿ ನಿಮ್ಮದೇನಾ?”

“ನನ್ನದೇ ಮೇಡಂ.”

“ದುಡ್ಡು?”

“ಮುಟ್ಟಿಲ್ಲ.”

“ಖಾಲಿ ಕಾಗದಕ್ಕೆ ಯಾಕೆ ಸಹಿ ಹಾಕಿದ್ರಿ? ಓದು ಬರಹ ಬಲ್ಲವರು!”

“ಬಸ್ಸು ಕಾಯಲ್ಲ ಮೇಡಂ.”

ಅವರು ಪೆನ್ನು ಕೆಳಗಿಟ್ಟರು. “ನೀವು ಕಳ್ಳ ಅಲ್ಲ, ಪೆದ್ದರು. ಪೆದ್ದರು ಅಂತ ನಾನು ರುಜು ಮಾಡ್ಬೇಕು. ಅದಕ್ಕೆ ನಿಮ್ಮ ಬಾಯಿಮಾತು ಸಾಲದು. ‘ಕಾರ್ಯದರ್ಶಿ ಕೈಯಿಂದ, ಇವರು ಮೊದಲೇ ಸಹಿ ಹಾಕಿಟ್ಟ ವೋಚರಲ್ಲಿ ನಾನೂ ಹಣ ಇಸ್ಕೊಂಡಿದ್ದೀನಿ’ ಅಂತ ಬರೆದುಕೊಡೋ ಇಬ್ಬರು ಬೇಕು. ಬರೀ ಇಬ್ಬರು. ಇನ್ನೂರು ಜನ ಇದ್ದೀರಲ್ಲ ಡಿಪೋದಲ್ಲಿ? ಸಿಕ್ಕಿದ್ರೆ ಜಾಮೀನು ಕೇಳೋಕೆ ನನಗೊಂದು ಆಧಾರ ಆಗುತ್ತೆ. ಇಲ್ಲಾಂದ್ರೆ ನಲವತ್ತಮೂರು ಸಹಿ ಮಾತಾಡುತ್ತೆ, ನಾನಲ್ಲ.”

ಆವತ್ತು ಮೆಟ್ಟಿಲಿಳಿಯುವಾಗ ದೊಡ್ಡಪ್ಪನ ನಡಿಗೆಯೇ ಬೇರೆಯಾಗಿತ್ತು. ಮಗಳಿಗೆಂದು ಬಣ್ಣದ ಪೆನ್ಸಿಲ್ ಕೊಂಡರು. “ಇಬ್ಬರೇನಮ್ಮಾ, ಇಪ್ಪತ್ತು ಜನ ಬರ್ತಾರೆ” ಎಂದರು.

ಮಾರನೆಯ ದಿನ ಶಿಫ್ಟು ಬದಲಾಗುವ ಹೊತ್ತಿಗೆ ಡಿಪೋ ಗೇಟಿನಲ್ಲಿ ನಿಂತೆವು. ಟಿಕೆಟ್ ಮಷೀನು ಒಪ್ಪಿಸಿ ಹೊರಬರುವವರೆಲ್ಲ ದೊಡ್ಡಪ್ಪನನ್ನು ಕಂಡೊಡನೆ ಜೇಬಿನಲ್ಲಿ ಏನೋ ಹುಡುಕುವವರಂತೆ ತಲೆ ತಗ್ಗಿಸಿದರು. ಒಬ್ಬ ಮಾತ್ರ ತಲೆ ಎತ್ತಿ, ಎಲ್ಲರಿಗೂ ಕೇಳುವಂತೆ, “ಬೇಲೀನೇ ಹೊಲ ಮೇಯ್ದು, ಈಗ ಸಾಕ್ಷಿ ಹೇಳು ಅಂತ ದನಾನ ಕೇಳ್ತಿದೆ ನೋಡ್ರಪ್ಪಾ” ಎಂದ. ನಾಲ್ಕು ಜನ ನಕ್ಕರು.

ಹಳೆಯ ಡ್ರೈವರೊಬ್ಬರು ಗೇಟಿನ ಪಕ್ಕದ ಚಹಾದಂಗಡಿಯ ಹಿಂದಕ್ಕೆ ಕರೆದರು. ಮಗಳ ಮದುವೆಗೆ, ತಾಯಿಯ ಆಸ್ಪತ್ರೆಗೆ, ಎರಡು ಸಲ ಆ ವೋಚರಿನಲ್ಲಿ ಹಣ ಒಯ್ದವರು.

“ಸಾಹೇಬ್ರೇ, ಕಾಲಿಗೆ ಬೀಳ್ತೀನಿ, ನನ್ನ ಕೇಳ್ಬೇಡಿ. ಹಾಗೆ ದುಡ್ಡು ಇಸ್ಕೊಂಡೆ ಅಂತ ಯಾರು ಬರೆದುಕೊಡ್ತಾರೋ ಅವರೂ ಇದರಲ್ಲಿ ಶಾಮೀಲು ಅಂತ ಕಾರ್ಯದರ್ಶಿ ಮೀಟಿಂಗಲ್ಲಿ ಹೇಳ್ಬಿಟ್ಟಿದ್ದಾನೆ. ನನಗಿನ್ನು ನಾಲ್ಕು ತಿಂಗಳು ಸರ್ವೀಸು.”

“ಗೊತ್ತಾಯ್ತು ಬಿಡಪ್ಪ” ಎಂದರು ದೊಡ್ಡಪ್ಪ. ಚಹಾದ ದುಡ್ಡನ್ನೂ ಅವರೇ ಕೊಟ್ಟರು.

ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಎಂದು ದಾರಿಯುದ್ದಕ್ಕೂ ಆ ಜನರನ್ನು ಮನಸ್ಸಿನಲ್ಲೇ ಬಯ್ಯುತ್ತ ಬಂದೆ. ಮನೆ ಬಾಗಿಲು ತೆಗೆದಾಗ, ಆ ದೋಣಿಯಲ್ಲಿ ನಾನೂ ಕೂತು ಬಂದವಳು ಎಂಬುದು ತಲೆಗೆ ಹೊಕ್ಕಿತು.

ಆ ವಾರವೆಲ್ಲ ಗಂಡನ ಜೊತೆ ಅದೇ ಮಾತು. ಅವರು ಕೆಟ್ಟವರಲ್ಲ, ಅದನ್ನು ಮೊದಲು ಬರೆದುಬಿಡುತ್ತೇನೆ.

“ನಾನು ಬರೆದುಕೊಟ್ರೆ ನಾಳೆನೇ ಸಸ್ಪೆಂಡು. ಬಾಡಿಗೆ ನೀನು ಕಟ್ತೀಯಾ?”

“ಅವತ್ತು ಆ ಹಣ ಇಲ್ದಿದ್ರೆ ನಾನೂ ಇರ್ತಿರ್ಲಿಲ್ಲ, ಇವಳೂ ಇರ್ತಿರ್ಲಿಲ್ಲ.”

“ಇದ್ದೀರಲ್ಲ? ಇರೋ ನಿಮ್ಮಿಬ್ಬರಿಗೆ ಅನ್ನ ಹಾಕೋಕೇ ನಾನು ಸುಮ್ನಿರೋದು.”

ಬಾಡಿಗೆ, ಶಾಲೆಯ ಫೀಸು ಎರಡನ್ನೂ ಬೆರಳು ಮಡಚಿ ಎಣಿಸುವವಳು ನಾನೇ. ವಕೀಲಮ್ಮನಿಗೆ ಫೋನು ಮಾಡಿ, “ಅವರ ಬದಲು ನಾನು ಹೇಳಲಾ?” ಎಂದು ಕೇಳಿದೆ. “ಹಣ ಇಸ್ಕೊಳ್ಳುವಾಗ ನೀವೆಲ್ಲಿದ್ರಿ?” “ಆಸ್ಪತ್ರೇಲಿ, ಮಂಚದ ಮೇಲೆ.” “ಮತ್ತೆ ನೀವೇನು ನೋಡಿದ್ರಿ? ಗಂಡ ಹೇಳಿದ್ದು ಕೇಳಿದ್ದೀರಿ. ಅದು ಸಾಕ್ಷಿ ಆಗಲ್ಲಮ್ಮ” ಎಂದರು. ದನಿಯಲ್ಲಿ ಸಿಡುಕಿರಲಿಲ್ಲ, ಅದಕ್ಕೇ ಇನ್ನೂ ಸಂಕಟವಾಯಿತು.

ಜಾಮೀನಿನ ಅರ್ಜಿ ಸೋಮವಾರ ಕೋರ್ಟಿಗೆ ಬರಲಿದೆ. ನಿನ್ನೆ, ಶುಕ್ರವಾರ, ಮಗಳು ಊಟ ಮಾಡಿ ಮಲಗಿದ ಮೇಲೆ ಮಹಡಿಗೆ ಹೋದೆ. ದೊಡ್ಡಮ್ಮ ಒಳಗೆ ಬಟ್ಟೆ ಮಡಚುತ್ತಿದ್ದರು. ದೊಡ್ಡಪ್ಪ ಊಟದ ಮೇಜಿನ ಮುಂದೆ ಸುಮ್ಮನೆ ಕೂತಿದ್ದರು. ತಿಂಗಳೊಂದರಲ್ಲಿ ಕೆನ್ನೆ ಗುಳಿಬಿದ್ದು, ಅಂಗಿಯ ಕಾಲರು ಕತ್ತಿಗೆ ದೊಡ್ಡದಾಗಿಬಿಟ್ಟಿದೆ. ಗಂಡ ಒಪ್ಪಲಿಲ್ಲ ಎಂದು ಹೇಳಲು ಬಾಯಿ ತೆರೆದೆ.

“ಬೇಡ, ಹೇಳ್ಬೇಡ” ಎಂದರು. “ಅವನ್ನ ನಾನು ಕೇಳೋದಕ್ಕೂ ಹೋಗಿಲ್ಲ, ನೋಡಿದ್ಯಾ? ಇಲ್ಲ ಅನ್ನೋ ಕಷ್ಟ ಅವನಿಗ್ಯಾಕೆ ಕೊಡ್ಲಿ. ನಾನು ಅವನ ಜಾಗದಲ್ಲಿದ್ರೂ ಅಷ್ಟೇ ಮಾಡ್ತಿದ್ನೇನೋ. ನಂಗೊತ್ತಿಲ್ಲ.”

ಒಳಗಿನಿಂದ ದೊಡ್ಡಮ್ಮ, “ಯಾರು ಬಂದಿರೋದು? ಅವಳೇ ಆದ್ರೆ ಸೋಮವಾರ ಸಾಯಂಕಾಲ ಮಗೂನ ಇಲ್ಲಿಗೇ ಕಳ್ಸೋಕೆ ಹೇಳಿ. ಅಷ್ಟೊತ್ತಿಗೆ ಕೋರ್ಟಿಂದ ಬಂದಿರ್ತೀರಲ್ಲ” ಎಂದು ಕೂಗಿದರು.

“ಹೂಂ, ಹೇಳ್ತೀನಿ” ಎಂದು ಅವರೂ ಕೂಗಿ ಉತ್ತರಿಸಿದರು. ಆಮೇಲೆ ಕುರ್ಚಿಯನ್ನು ನನ್ನ ಕಡೆಗೆ ಎಳೆದುಕೊಂಡು ದನಿ ತಗ್ಗಿಸಿದರು.

“ಅವಳಿಗೆ ನಾನು, ಬರೀ ಮುಂದಿನ ತಾರೀಖು ಕೊಟ್ಟು ಕಳಿಸ್ತಾರೆ ಅಂದಿದ್ದೀನಿ. ಜಾಮೀನು ಸಿಗದಿದ್ರೆ ಅಲ್ಲಿಂದಲೇ ಕರ್ಕೊಂಡು ಹೋಗ್ತಾರಂತೆ, ವಕೀಲಮ್ಮ ಹೇಳಿದ್ರು. ಬೆಲ್ಟು, ವಾಚು, ಉಂಗುರ ಎಲ್ಲ ಬಿಚ್ಚಿಸಿ ಮನೆಯವರ ಕೈಗೆ ಕೊಡ್ತಾರಂತೆ. ಅದನ್ನ ಅವಳು ಇಸ್ಕೊಳ್ಳೋದು ಬೇಡಮ್ಮ. ನೀನು ಬರ್ತೀಯಾ? ಮಗೂನ ಶಾಲೆಗೆ ಬಿಟ್ಟು, ಹನ್ನೊಂದರ ಒಳಗೆ. ಒಂದು ಬಟ್ಟೆ ಚೀಲ ತಂದ್ರೆ ಸಾಕು. ಮನೆಗೆ ತಂದ ತಕ್ಷಣ ಕೊಡ್ಬೇಡ. ಅವಳು ಬಿಪಿ ಮಾತ್ರೆ ನುಂಗಿ ಕೂತ ಮೇಲೆ ಕೊಡು.”