ಮಹೇಶ್ವರಿ ಕಾಯುವ ನೂರಾ ಎಂಬತ್ತು ಕೋಣೆಗಳು

ನನ್ನ ನಾದಿನಿ ಮಹೇಶ್ವರಿಗೆ ಯಾರಿಗೂ ಇಲ್ಲ ಅನ್ನಲು ಬರುತ್ತಿರಲಿಲ್ಲ. ಭಾಗ್ಯನಗರದ ನಮ್ಮ ಓಣಿಯಲ್ಲಿ ಯಾರ ಮೊಬೈಲು ಕೆಟ್ಟರೂ, ಯಾರ ಮಗಳ ಕಾಲೇಜಿನ ಅರ್ಜಿ ತುಂಬಬೇಕಿದ್ದರೂ ನಮ್ಮ ಮನೆ ಬಾಗಿಲಿಗೇ ಬರುತ್ತಾರೆ. ಅರ್ಧ ಉಂಡ ತಾಟು ಬಿಟ್ಟು ಎದ್ದು ಹೋಗುವವಳು ಅವಳು. ರೊಟ್ಟಿ ಒಣಗಿ ಕಟುಂ ಅನ್ನುವ ಹೊತ್ತಿಗೆ ಬಂದು, ಹಾಗೇ ಮುರಿದು ತಿನ್ನುವವಳು.

ಕೊಪ್ಪಳದ ಒಂದು ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ ಅವಳಿಗೆ ಇನ್‌ಸ್ಟ್ರಕ್ಟರ್ ಕೆಲಸ. ಅದೇ ಸಂಸ್ಥೆಯ ಕಾಲೇಜುಗಳು ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳಲ್ಲೂ ಇವೆ. ಮೂರು ವರ್ಷದ ಹಿಂದೆ ಸಂಸ್ಥೆಗೆ ಒಂದೇ ಒಂದು ದೊಡ್ಡ ಸರ್ವರ್ ಬಂತು. ನಾಲ್ಕೂ ಊರಿನ ಮಕ್ಕಳು ತಮ್ಮ ತಮ್ಮ ಲ್ಯಾಬಿನಲ್ಲೇ ಕೂತು ಪ್ರೋಗ್ರಾಂ ಬರೆಯಬೇಕು, ಅದು ಕೊಪ್ಪಳದ ಸರ್ವರಿನಲ್ಲಿ ಓಡಬೇಕು. ಹಾಗೊಂದು ವ್ಯವಸ್ಥೆಯನ್ನು ಮಹೇಶ್ವರಿ ಒಬ್ಬಳೇ, ಓದಿಕೊಂಡು, ಕೆಡಿಸಿಕೊಂಡು, ಮತ್ತೆ ಕಟ್ಟಿ ನಿಲ್ಲಿಸಿದಳು. ಒಬ್ಬೊಬ್ಬ ವಿದ್ಯಾರ್ಥಿಗೂ ಒಂದೊಂದು ಕಂಟೇನರ್, ಅಂದರೆ ಸರ್ವರಿನೊಳಗೆ ಅವರದೇ ಒಂದು ಕೋಣೆ. ಒಟ್ಟು ನೂರಾ ಎಂಬತ್ತು ಕೋಣೆ.

ಒಂದು ದಿನ ಕುಷ್ಟಗಿಯಿಂದ ಅಲ್ಲಿನ ಉಪನ್ಯಾಸಕ ಕೊಟ್ರಪ್ಪ ಸರ್ ಫೋನ್ ಮಾಡಿದರು. ನಾನು ಪಕ್ಕದಲ್ಲೇ ಇದ್ದೆ.

"ತಂಗಿ, ನಮ್ಮ ಹುಡುಗ್ರ ನೆಟ್‌ವರ್ಕ್ ಪ್ರೋಗ್ರಾಂ ನಡಿವಲ್ಲವು ನೋಡವಾ. ನಮ್ಮ ಕೋಣಿಗೆ ಒಂಚೂರು ಜಾಸ್ತಿ ಅಧಿಕಾರ ಕೊಟ್ಟುಬಿಡು. ನಾವೇನು ಹೊರಗಿನವ್ರೇನು?"

"ಛೇ, ಹಂಗ್ಯಾಕ ಅಂತೀರಿ ಸರ್, ಕೊಡ್ತೀನ್ರಿ," ಅಂದಳು. ಕೊಟ್ಟೂಬಿಟ್ಟಳು.

ಹದಿನೈದು ದಿನ ಆಗಿರಲಿಲ್ಲ. ಬೆಳಿಗ್ಗೆ ಲ್ಯಾಬಿಗೆ ಹೋಗಿ ನೋಡಿದರೆ ಸರ್ವರಿನ ಮುಖ್ಯ ಜಾಗದಲ್ಲಿ, ಯಾವ ವಿದ್ಯಾರ್ಥಿಯೂ ಕಾಲಿಡಬಾರದ ಕಡೆ, ಒಂದು ಪುಟ್ಟ ಫೈಲು. ಒಳಗೆ ಎರಡೇ ಸಾಲು: "ಮೇಡಮ್ಮರ, ನಾ ಕೋಣಿ ಬಿಟ್ಟು ಹೊರಗ ಬಂದೀನ್ರಿ. ಏನೂ ಮುಟ್ಟಿಲ್ಲ, ನಿಮಗ ಗೊತ್ತಾಗ್ಲಿ ಅಂತ ಬರ್ದೀನಿ. ಅಮೃತಾ, ಕುಷ್ಟಗಿ."

ಎಂಟು ದಿನಕ್ಕೆ ಪ್ರಾಯೋಗಿಕ ಪರೀಕ್ಷೆ ಇತ್ತು. ನಾಲ್ಕೂ ಊರಿನ ಮಕ್ಕಳ ಉತ್ತರಗಳು ಇರಬೇಕಾದದ್ದು ಆ ಸರ್ವರಿನಲ್ಲೇ. ಮಹೇಶ್ವರಿ ಮುಚ್ಚಿಡಬಹುದಿತ್ತು, ಆ ಹುಡುಗಿ ಬಾಯಿ ಬಿಡುತ್ತಿರಲಿಲ್ಲ. ಇವಳು ಆ ಎರಡು ಸಾಲನ್ನು ಮುದ್ರಿಸಿಕೊಂಡು ನೇರ ಪ್ರಾಚಾರ್ಯ ಗವಿಸಿದ್ದೇಶ ಅವರ ಮುಂದೆ ಇಟ್ಟಳು.

"ಒಬ್ಬರ ಉತ್ತರ ಇನ್ನೊಬ್ಬರಿಗೆ ಕಾಣತಾವ ಅಂದ್ರ ಅದು ಪರೀಕ್ಷಿ ಅಲ್ಲವಾ, ಸಂತಿ," ಅಂದರಂತೆ ಅವರು. "ಹೊರಗಿನ ಕಂಪನಿಯವ್ರಿಗೆ ವಹಿಸಿಬಿಡ್ತೀನಿ."

"ಕೊಟ್ರಪ್ಪ ಸರ್‌ಗೆ ಕೊಟ್ಟ ಅಧಿಕಾರ ವಾಪಸ್ ತಗೊಂಡೀನ್ರಿ ಸರ್. ಆ ಕಿಂಡಿ ಮುಚ್ಚಿತು. ಆದ್ರ ಅಷ್ಟ ಸಾಲೂದಿಲ್ಲ. ನನಗ ಆರು ದಿನ ಕೊಡ್ರಿ."

"ಆತು. ಏಳನೇ ದಿನ ಆ ಹುಡುಗೀನ್ನ ಕರಸ್ರಿ, ನನ್ನ ಮುಂದ ಕುಂದ್ರಸ್ರಿ. ಮತ್ತ ಹೊರಗ ಬಂದ್ಲಂದ್ರ ನಿಮ್ಮ ಸರ್ವರ್ ಬಂದ್."

ಮೂರು ವರ್ಷದ ಕೆಲಸ ಆರು ದಿನಕ್ಕೆ ಬಂದು ನಿಂತಿತು.

ಆ ದಿನಗಳಲ್ಲಿ ನನ್ನ ತಲೆ ಪೂರ್ತಿ ನನ್ನ ಎಳೆ ಮಗುವಿನಲ್ಲಿತ್ತು. ಹುಟ್ಟಿದ ತಿಂಗಳಲ್ಲೇ ಎದೆಯಲ್ಲಿ ಕಫ ಕಟ್ಟಿ ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದು ಬಂದ ಕೂಸು. ಯಾರಾದರೂ ಕೆಮ್ಮಿದರೆ ನನ್ನ ಜೀವ ಹಾರುತ್ತಿತ್ತು. ನಿಮಿಷಕ್ಕೆ ಎಷ್ಟು ಉಸಿರು ಅಂತ ಎಣಿಸುತ್ತಾ ಕೂತಿರುತ್ತಿದ್ದೆ. ಹುಬ್ಬಳ್ಳಿಯಲ್ಲಿ ಓದಿದ ನನಗೆ ಬಾಣಂತಿ ಕೋಣೆಯ ಕಟ್ಟುನಿಟ್ಟುಗಳು ಮೊದಮೊದಲು ಅತಿ ಅನ್ನಿಸಿದ್ದವು. ಆಮೇಲೆ ಆ ಹೊಸ್ತಿಲ ಮೇಲೆ ಕೂತಿರುತ್ತಿದ್ದ ಅತ್ತೆಯವರೇ ನನ್ನ ಧೈರ್ಯವಾದರು. ಅತ್ತೆಯ ಹೆಸರು ಯಮನೂರಮ್ಮ. ಬಂದವರು ಯಾರೇ ಇರಲಿ, ಕಾಲು ತೊಳೆದು ಪಡಸಾಲೆಯಲ್ಲಿ ಕೂರಬೇಕು. ಒಳಗಿನದು ಏನು ಬೇಕಿದ್ದರೂ ಅತ್ತೆಯನ್ನೇ ಕೇಳಬೇಕು.

ಮಹೇಶ್ವರಿ ಪ್ರಾಚಾರ್ಯರನ್ನು ಕಂಡ ದಿನವೇ ಮಧ್ಯಾಹ್ನ ಎದುರುಮನೆಯ ಹಸನಬೀ ಚಾಚಿ ಬಂದಿದ್ದರು, ಕೂಸಿಗೆ ಒಂದು ಅಂಗಿ ಹೊಲಿದುಕೊಂಡು.

"ಯಮನೂರಮ್ಮಾ, ಮಾರಿ ಒಂದ್ಸಲ ತೋರಸ. ಮುಟ್ಟಂಗಿಲ್ಲ ನಾ."

"ಕುಂದ್ರವಾ ಇಲ್ಲೇ. ಏನು ಬೇಕು ಹೇಳು, ನಾ ತಂದು ಕೊಡ್ತೀನಿ."

"ಕೂಸು ಬೇಕು!"

"ಅದೊಂದು ಬಿಟ್ಟು ಕೇಳು."

"ಹಂಗಾರ ಚಹಾ ತಾ. ಬಾಣಂತಿನ್ನ ಕಾಯೂಕಿ ನೀ, ಪೊಲೀಸ್ರನ್ನೂ ಮೀರಿಸಿದಿ ಬಿಡು."

ಅತ್ತೆ ಅಂಗಿಯನ್ನು ಇಸಿದುಕೊಂಡು, ಕೊಡವಿ, ಹೊಲಿಗೆಯಲ್ಲಿ ಸೂಜಿಗೀಜಿ ಉಳಿದಿದೆಯಾ ಎಂದು ಬೆರಳಾಡಿಸಿ, ಒಗೆಯಲು ಹಾಕಿದರು. ಚಹಾ ತಾವೇ ಮಾಡಿ ತಂದರು. ಅಡುಗೆಮನೆಗೆ ಹಸನಬೀ ಹೋಗಲಿಲ್ಲ. ಆದರೆ ಅವರಿಗೆ ಯಾವುದೂ ಕಡಿಮೆಯಾಗಲಿಲ್ಲ.

ಊಟಕ್ಕೆ ಬಂದಿದ್ದ ಮಹೇಶ್ವರಿ ಇದನ್ನೆಲ್ಲ ನೋಡುತ್ತಾ ಕೂತಿದ್ದವಳು, "ವೈನಿ, ನನ್ನ ಸರ್ವರ್‌ನ್ಯಾಗ ನೂರಾ ಎಂಬತ್ತು ಮಂದೀನೂ ಸೀದಾ ಅಡಿಗಿಮನಿಗೇ ನುಗ್ತಾರ ನೋಡ್ರಿ," ಅಂದಳು.

ಆಮೇಲೆ ಬಿಡಿಸಿ ಹೇಳಿದಳು. ಕೋಣೆಗಳು ಬೇರೆ ಬೇರೆ ಅನ್ನುವುದು ಅರ್ಧ ಸತ್ಯ. ಫೈಲು ತೆರೆಯಬೇಕು, ಮೆಮೊರಿ ಬೇಕು ಅಂದಾಗ ಎಲ್ಲ ಕೋಣೆಯವರೂ ಕೇಳುವುದು ಸರ್ವರಿನ ಒಂದೇ ಕರ್ನಲ್ಲನ್ನು, ಅಂದರೆ ಇಡೀ ಯಂತ್ರವನ್ನು ನಡೆಸುವ ಮೂಲ ಪ್ರೋಗ್ರಾಮನ್ನು. ಅದು ಎಲ್ಲರಿಗೂ ಒಂದೇ ಅಡುಗೆಮನೆ ಇದ್ದಂತೆ. ಅದರಲ್ಲೊಂದು ಬಿರುಕು ಸಿಕ್ಕರೆ ಯಾವ ಕೋಣೆಯಿಂದಲಾದರೂ ಇಡೀ ಮನೆಗೆ ನುಗ್ಗಬಹುದು. ಸ್ಯಾಂಡ್‌ಬಾಕ್ಸ್ ಅನ್ನುವ ರಕ್ಷಣೆ ಹಾಕಿ ಕಂಟೇನರ್ ಓಡಿಸಿದರೆ ಪ್ರತಿ ಕೋಣೆಯ ಹೊಸ್ತಿಲಲ್ಲೂ ಒಂದು ಕಾವಲು ಕೂರುತ್ತದೆ. ಒಳಗಿನ ಪ್ರೋಗ್ರಾಂ ಅದನ್ನೇ ಕರ್ನಲ್ ಅಂದುಕೊಂಡು ಕೇಳುತ್ತದೆ. ಕಾವಲು ಪರೀಕ್ಷಿಸಿ, ತನ್ನಲ್ಲಿದ್ದದ್ದನ್ನು ತಾನೇ ಕೊಟ್ಟು, ತೀರಾ ಬೇಕಾದ್ದನ್ನು ಮಾತ್ರ ಹೊರಗಿನ ನಿಜವಾದ ಕರ್ನಲ್ಲಿನಿಂದ ತಂದುಕೊಡುತ್ತದೆ.

"ಇದು ನಿನಗ ಮೊದಲ ಗೊತ್ತಿರಲಿಲ್ಲೇನು?" ಅಂದೆ.

"ಗೊತ್ತಿತ್ರಿ. ಪ್ರೋಗ್ರಾಂ ನಿಧಾನ ಆಗತಾವ, ಹುಡುಗ್ರು ಬೇಜಾರ ಮಾಡ್ಕೋತಾರ ಅಂತ ಬಿಟ್ಟಿದ್ದೆ. ಹಸನಬೀ ಚಾಚಿಗೂ ಚಹಾ ತಡ ಆತು. ಆದ್ರ ಬಂತಲ್ಲ."

ಮುಂದಿನ ಐದು ದಿನ ಅವಳು ಲ್ಯಾಬಿನಲ್ಲೇ. ಹೊಸ ರೀತಿಯಲ್ಲಿ ಓಡಿಸಿದಾಗ ಇಪ್ಪತ್ತಮೂರು ಪಾಠದ ಪ್ರೋಗ್ರಾಂಗಳು ನಿಂತುಹೋದವು. ಅವು ಕೇಳುವ ಕೆಲವನ್ನು ಕಾವಲು ಕೊಡುತ್ತಿರಲಿಲ್ಲ. ಒಂದೊಂದನ್ನೇ ಹಿಡಿದು ಸರಿಮಾಡಿದಳು. ಕೊನೆಗೆ ಉಳಿದದ್ದು ಎರಡು. ಎರಡೂ ಕೊಟ್ರಪ್ಪ ಸರ್ ಅವರದ್ದೇ, ಕಾವಲು ತೆಗೆಯದೆ ನಡೆಯದಂಥವು. ಅವರಿಗೆ ಫೋನನ್ನು ಅವಳು ಮನೆಯಿಂದಲೇ ಮಾಡಿದಳು, ಹೊಸ್ತಿಲ ಹತ್ತಿರ ನಿಂತು.

"ಆಗೂದಿಲ್ಲರಿ ಸರ್."

"ಏನವಾ, ತಂಗಿ ಅಂತ ಸಲಿಗಿಲೆ ಕೇಳಿದ್ರ ಹಿಂಗ ಅಂತೀಯಲ್ಲ?"

"ತಂಗಿ ಅಂತನ ಹೇಳಾಕತ್ತೀನ್ರಿ. ಆ ಎರಡು ಪ್ರಯೋಗ ನಿಮ್ಮ ಲ್ಯಾಬಿನ್ಯಾಗ ಒಂದು ಬ್ಯಾರೆ ಕಂಪ್ಯೂಟರ್ ಇಟ್ಟು ಮಾಡಸ್ರಿ. ಹೆಂಗಂತ ನಾ ಬಂದು ತೋರಸ್ತೀನಿ. ನನ್ನ ಸರ್ವರ್‌ನ್ಯಾಗ ಮಾತ್ರ ಬ್ಯಾಡ್ರಿ."

ಫೋನಿಟ್ಟ ಮೇಲೆ ಒಂದು ಚೊಂಬು ನೀರು ಒಂದೇ ಉಸಿರಿಗೆ ಕುಡಿದಳು. ಅತ್ತೆ ಮಗಳ ಮುಖ ನೋಡಿ, "ಅಂದಿಯಲ್ಲ, ಮುಗೀತು. ಮೊದಲನೇ ಸಲ ಕಠಿಣ," ಅಂದರು.

ಏಳನೇ ದಿನ ಅಮೃತಾ ಕುಷ್ಟಗಿಯಿಂದ ಬಸ್ಸಿನಲ್ಲಿ ಬಂದಳು. ಪ್ರಾಚಾರ್ಯರು ಕುರ್ಚಿ ಎಳೆದುಕೊಂಡು ಅವಳ ಹಿಂದೆಯೇ ಕೂತರಂತೆ. ಮಹೇಶ್ವರಿ ಆ ಹುಡುಗಿಗೆ ಅವಳ ಕೋಣೆಯೊಳಗೆ ಎಲ್ಲ ಅಧಿಕಾರವನ್ನೂ ಬೇಕೆಂದೇ ಕೊಟ್ಟಿದ್ದಳು. ಒಂದೂ ಮುಕ್ಕಾಲು ತಾಸು ಅವಳು ಕೀಲಿಮಣೆ ಕುಟ್ಟಿದಳು. ಆಮೇಲೆ ಅಮೃತಾ ಚಪ್ಪಾಳೆ ತಟ್ಟಿದಳು.

"ಬಂದ್ನೆರಿ ಮೇಡಮ್ಮರ! ಹೊರಗ ಚೀಟಿ ಇಟ್ಟೀನಿ, ನೋಡ್ರಿ."

ಪ್ರಾಚಾರ್ಯರು ಮಹೇಶ್ವರಿಯ ಮುಖ ನೋಡಿದರು. ಅವಳು ಪಕ್ಕದ ಪರದೆಯಲ್ಲಿ ಸರ್ವರನ್ನು ಮೇಲಿಂದ ಕೆಳಗೆ ಹುಡುಕಿದಳು. ಮತ್ತೊಮ್ಮೆ ಹುಡುಕಿದಳು.

"ಇಲ್ಲಿ ಚೀಟಿ ಇಲ್ಲವಾ."

"ಹೆಂಗ್ರಿ? ಕರ್ನಲ್ ಹೆಸರು ಸುದ್ದಾ ಕಾಣಾಕತ್ತೈತಿ ನನಗ."

"ಅದು ಕಾವಲಿಂದು, ಸರ್ವರಿಂದಲ್ಲ. ನೀ ಇನ್ನೂ ನಿನ್ನ ಕೋಣ್ಯಾಗ ಅದಿ."

ಪ್ರಾಚಾರ್ಯರು ಜೋರಾಗಿ ನಕ್ಕರಂತೆ. ಪೂರಾ ಭದ್ರವೇ ಇದು ಅಂತ ಕೇಳಿದ್ದಕ್ಕೆ ಮಹೇಶ್ವರಿ, "ಪೂರಾ ಅಂತ ಹೇಳೂದಿಲ್ಲರಿ ಸರ್. ಮೊದಲ ಒಂದ ಬಾಗಲ ಮುರದ್ರ ಸಾಕಿತ್ತು, ಈಗ ಎರಡು ಮುರೀಬೇಕು," ಅಂದಳಂತೆ. ಈ ಉತ್ತರ ನನಗೆ ಉಳಿದದ್ದೆಲ್ಲಕ್ಕಿಂತ ಹೆಚ್ಚು ಹೆಮ್ಮೆ ತಂದಿತು. ಪರೀಕ್ಷೆ ಅವಳ ಸರ್ವರಿನಲ್ಲೇ ಎಂದು ಪ್ರಾಚಾರ್ಯರು ಅಲ್ಲಿಯೇ ನಿಂತು ಸಹಿ ಮಾಡಿದರು.

ಮಹೇಶ್ವರಿ ಅಮೃತಾಳನ್ನು ಊಟಕ್ಕೆ ಮನೆಗೆ ಕರೆತಂದಳು. ಬಾಗಿಲಲ್ಲೇ ಅತ್ತೆ, "ಕಾಲು ತೊಳಕೋ ಯವ್ವಾ, ಪಡಸಾಲ್ಯಾಗ ಕುಂದ್ರು," ಅಂದರು. ಆ ಹುಡುಗಿ ಒಳಗೊಮ್ಮೆ, ಮಹೇಶ್ವರಿಯ ಕಡೆಗೊಮ್ಮೆ ನೋಡಿ, "ಇಲ್ಲೂ ಕಾವಲ ಹಚ್ಚೀರೇನ್ರಿ ಮೇಡಮ್ಮರ?" ಅಂದಳು. ನಾನು ಮಗು ಎಚ್ಚರಾಗುವಷ್ಟು ನಕ್ಕುಬಿಟ್ಟೆ.

ಪರೀಕ್ಷೆಯ ದಿನ ಬೆಳಿಗ್ಗೆ ಹತ್ತಕ್ಕೆ ನೂರಾ ಎಂಬತ್ತೂ ಕೋಣೆ ತೆರೆದವು. ಹನ್ನೊಂದರ ಸುಮಾರಿಗೆ ಯಲಬುರ್ಗಾದ ಒಬ್ಬನ ಪ್ರೋಗ್ರಾಂ ಹುಚ್ಚಾಪಟ್ಟೆ ಕೆಟ್ಟು ಅವನ ಕೋಣೆ ಕಾವಲಿನ ಸಮೇತ ಬಿದ್ದುಹೋಯಿತು. ಪಕ್ಕದ ಕೋಣೆಯವರಿಗೆ ಅದರ ಸುಳಿವೂ ಇಲ್ಲ. ಮಹೇಶ್ವರಿ ಅವನಿಗೊಂದು ಹೊಸ ಕೋಣೆ ಕೊಟ್ಟಳು, ಅವನು ಮುಂದುವರಿಸಿದ. ಪ್ರೋಗ್ರಾಂ ಒಂಚೂರು ನಿಧಾನ ಅಂತ ಗಂಗಾವತಿಯವರು ಗೊಣಗಿದರು, ಅಷ್ಟೇ. ಸಂಜೆ ಕೊಟ್ರಪ್ಪ ಸರ್ ತಾವಾಗಿಯೇ ಫೋನ್ ಮಾಡಿ, "ಎಂದು ಬರ್ತೀಯವಾ ತೋರಸಾಕ?" ಎಂದು ಕೇಳಿದರು.

ಅಂದು ರಾತ್ರಿ ನಾನೂ ಮಹೇಶ್ವರಿಯೂ ಊಟಕ್ಕೆ ಕೂತಿದ್ದೆವು. ಮಗು ನನ್ನ ತೊಡೆಯ ಮೇಲೆ ನಿದ್ದೆಯಲ್ಲಿತ್ತು. ಅಂದು ನಾನು ಅದರ ಉಸಿರು ಎಣಿಸಿದ್ದು ಒಂದೇ ಸಲ. ಹೊರಗಿನಿಂದ ಯಾರೋ, "ಮಹೇಶ್ವರಿ, ಮೊಬೈಲ್ ಬಂದ್ ಬಿದ್ದೈತಿ, ಒಂಚೂರು ನೋಡವಾ," ಅಂತ ಕೂಗಿದರು. ಅವಳು ಏಳಲಿಲ್ಲ.

"ಪಡಸಾಲ್ಯಾಗ ಕುಂದ್ರ್ರಿ, ಉಂಡು ಬರ್ತೀನಿ," ಅಂದು, ಬಿಸಿ ರೊಟ್ಟಿ ಮುರಿದಳು.